ಸಿಂಧಘಟ್ಟದ ಎಡಮೂಲೆ

ಸಿಂಧಘಟ್ಟದ ಹೆಂಗಸರ ಕಬಡ್ಡಿ ತಂಡದಲ್ಲಿ ಎಡಮೂಲೆ ಪವಿತ್ರಳದು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಮಗಳನ್ನು ಸ್ಕೂಲಿಗೆ ಬಿಟ್ಟು, ಸಂಜೆ ಬಯಲಿಗಿಳಿಯುವ ಈಕೆ ಕಣಕಾಲಿಗೆ ಕೈ ಹಾಕಿದಳೆಂದರೆ ಬಿಡಿಸಿಕೊಂಡು ಹೋದವರು ಕಡಿಮೆ. ಬಲಮೂಲೆಯಲ್ಲಿ ಮಾನಸ. ಇವರಿಬ್ಬರ ನಡುವೆ ಸಿಕ್ಕ ಎದುರಾಳಿ ತಿರುಗಿ ನಡುಗೆರೆ ಮುಟ್ಟುವುದೇ ಅಪರೂಪವಾದ್ದರಿಂದ ಕೆ.ಆರ್.ಪೇಟೆ ಕಡೆಯವರು ಆ ತಂಡವನ್ನು ‘ಇಲಿಬೋನು’ ಎನ್ನುತ್ತಿದ್ದರು.

ಆದರೂ ಇಷ್ಟು ವರ್ಷ ಒಂದು ಕಪ್ಪೂ ಬಂದಿರಲಿಲ್ಲ. ಕಾರಣ ಅರ್ಪಿತ. ದಾಳಿಗೆ ಹೋಗುತ್ತಿದ್ದವಳು ಅವಳು. ಓಟವಿತ್ತು, ಉಸಿರಿತ್ತು, ಮನಸ್ಸು ಮಾತ್ರ ನೋಡುವ ಜನರ ಮೇಲಿರುತ್ತಿತ್ತು. ಒಂದು ಶಿಳ್ಳೆ ಕೇಳಿಸಿದರೆ ಸಾಕು, ತಿರುಗಿ ಬರುವುದನ್ನು ಮರೆತು ಮೂವರ ನಡುವೆ ನುಗ್ಗಿ ಸಿಕ್ಕಿಬೀಳುತ್ತಿದ್ದಳು. ಪವಿತ್ರ ಎದುರಿನವಳನ್ನು ಹಿಡಿದು ಕೆಡವಿದರೆ, ಆಟದ ನಿಯಮದಂತೆ ತಮ್ಮವರಲ್ಲಿ ಔಟಾದವಳೊಬ್ಬಳು ಒಳಗೆ ಬರಬೇಕು. ಬರುತ್ತಿದ್ದವಳು ಅರ್ಪಿತಳೇ. ಬಂದವಳೇ ಮತ್ತೆ ದಾಳಿ, ಮತ್ತೆ ಔಟು.

“ನಾ ಇಡಿಯೋದೇ ಇವ್ಳುನ್ನ ಬದುಕ್ಸೋಕೆ ಅನ್ನಂಗಾಗೋಯ್ತಲ್ಲಮ್ಮಿ!” ಎಂದು ಪವಿತ್ರ ಮಾನಸಳ ಮುಂದೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಈ ಸಲ ನಾಗಮಂಗಲದ ಪಂದ್ಯಾವಳಿಯ ಫೈನಲ್ಲಿನಲ್ಲಿ ಎದುರಿಗಿದ್ದದ್ದು ಶ್ರೀರಂಗಪಟ್ಟಣದ ತಂಡ. ಆಟ ಮುಗಿಯುತ್ತ ಬಂದರೂ ಸಮಸಮ. ಆಗ ಪವಿತ್ರ ಒಬ್ಬಳನ್ನು ಕೆಡವಿ ಒಂದು ಪಾಯಿಂಟು ಮುಂದೆ ತಂದಳು. ಹೊರಗಿದ್ದ ಅರ್ಪಿತ ಒಳಬಂದು ನೇರ ನಡುಗೆರೆಯತ್ತ ನಡೆದಳು. ಪವಿತ್ರ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

“ನಿಂತ್ಕೊಳ್ಳಮ್ಮಿ. ನಾನ್ ಓಗ್ತೀನಿ.”

“ನೀನಾ? ಯಾವತ್ತಾರ ದಾಳಿಗೋಗಿದ್ದೀಯಾ? ಜನ ನಗ್ತಾರೆ ಕಣಕ್ಕ!”

“ನಗ್ಲಿ ಬುಡು. ವಾಪಸ್ ಬರೋದಾದ್ರೂ ಗೊತ್ತು ನಂಗೆ. ಆಮೇಲೆ ಅವ್ರು ದಾಳಿಗ್ ಬಂದಾಗ ನೀನು ಮಾನಸನ ಕೈ ಇಡ್ಕೊಂಡು ನಿಂತಿರು. ಬುಟ್ಟೀಯಾ ಮತ್ತೆ!”

ಕೊಟ್ಟಿಗೆಗೆ ಹೊರಟವಳ ಹಾಗೆ ಸಾವಕಾಶವಾಗಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಹೋದ ಪವಿತ್ರ, ದಾಳಿಗೆ ಹೋದವರು ದಾಟಲೇಬೇಕಾದ ಒಳಗೆರೆಯನ್ನಷ್ಟೇ ದಾಟಿ, ಯಾರನ್ನೂ ಮುಟ್ಟದೆ, ಹಿಂದಿಂದಕ್ಕೆ ಬಂದುಬಿಟ್ಟಳು. ಜನ ನಿಜವಾಗಿಯೂ ನಕ್ಕರು.

ಒಂದು ಪಾಯಿಂಟಿನ ಮುನ್ನಡೆ ಹಾಗೇ ಉಳಿಯಿತು, ಇನ್ನಿದ್ದದ್ದು ಶ್ರೀರಂಗಪಟ್ಟಣದ ಕೊನೆಯ ದಾಳಿ. ಬಂದ ಉದ್ದನೆಯ ಹುಡುಗಿ ಬಲಕ್ಕೆ ವಾಲಿದ್ದೇ ತಡ, ಅರ್ಪಿತ ಮಾನಸಳ ಕೈ ಕೊಡವಿ ಒಬ್ಬಳೇ ಹಾರಿ ಅವಳ ಕಾಲಿಗೆ ಜೋತುಬಿದ್ದಳು.

“ಅಯ್ಯೋ, ನಿನ್ ಮನೆ ಆಳಾಗ!” ಎಂದಳು ಪವಿತ್ರ.

ಕಾಲು ಅರ್ಪಿತಳ ಕೈಯಿಂದ ಜಾರಿತು. ಆ ಹುಡುಗಿ ನಡುಗೆರೆಗೆ ಕೈ ಚಾಚುವಷ್ಟರಲ್ಲಿ ಪವಿತ್ರ ಅಡ್ಡಬಿದ್ದು ಅವಳ ಸೊಂಟ ತಬ್ಬಿದಳು, ಮೇಲೆ ಮಾನಸ ಬಿದ್ದಳು. ಗೆರೆಗೆ ಗೇಣು ದೂರದಲ್ಲಿ ಆ ಹುಡುಗಿಯ ‘ಕಬಡ್ಡಿ ಕಬಡ್ಡಿ’ ನಿಂತಿತು. ಕಪ್ಪು ಸಿಂಧಘಟ್ಟದ್ದಾಯಿತು.

ಊರಿಗೆ ಹೊರಟ ಬಸ್ಸಿನಲ್ಲಿ ಅರ್ಪಿತ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಂಡಕ್ಟರಿಗೆ ಹೇಳುತ್ತಿದ್ದಳು: “ನಾನ್ ಕಾಲ್ ಇಡ್ದೆ ನೋಡಿ, ಅಲ್ಲಿಗ್ ಮುಗೀತು!”

ತರಚಿದ ಮೊಣಕೈಗೆ ಉಫ್ ಉಫ್ ಎಂದು ಊದುತ್ತಿದ್ದ ಪವಿತ್ರಳಿಗೆ ಜಗಳವಾಡುವ ತ್ರಾಣವಿರಲಿಲ್ಲ. “ಇಡಿಯೋದ್ನಾರ ನೆಟ್ಟುಗ್ ಕಲಿ. ನಾಳೆ ಬೇಗ ಬಾ,” ಎಂದಳು.

ಮರುದಿನ ಅರ್ಪಿತ ಎಲ್ಲರಿಗಿಂತ ಮೊದಲು ಬಯಲಿನಲ್ಲಿದ್ದಳು. ಪವಿತ್ರ ಮಾತು ಶುರುಮಾಡುವ ಮೊದಲೇ ಅವಳ ಕಣಕಾಲಿಗೆ ಕೈ ಹಾಕಿ ಕೆಡವಿದಳು. ಬಿದ್ದಲ್ಲಿಂದಲೇ ಪವಿತ್ರ ಬಾಯಿಗೆ ಬಂದಂತೆ ಬೈದಳು. ಹಿಡಿತವೇನೋ ಸರಿಯಾಗಿತ್ತು, ಅದನ್ನೂ ಪವಿತ್ರಳೇ ಹೇಳಬೇಕಾಯಿತು.