ಜಡೆ ಹಾಕದ ಶ್ರಾವಣ

ನನ್ನ ಮಗಳಿಗೆ ಒಂಬತ್ತು ನಡೆಯುತ್ತಿದ್ದಾಗ, ಒಂದು ಶ್ರಾವಣದಲ್ಲಿ ಮೂರು ವಾರ ನಾನು ಅವಳ ತಲೆ ಮುಟ್ಟಲಿಲ್ಲ. ಇದನ್ನು ಬರೆದಿಡಬೇಕು ಅಂತ ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲ ಸಾರಿಗೆ ಹುಳಿ ಹಿಂಡಬೇಕು ಅನ್ನೋ ನೆಪ ಮಾಡಿಕೊಂಡು ಎದ್ದು ಹೋಗಿದ್ದೇನೆ. ಇವತ್ತು ಸಾರು ಆಗಿದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಅರಸೀಕೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು, ನಮ್ಮ ಯಜಮಾನರಿಗೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತೆ ಕೆಲಸ. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ನಾಲ್ಕೈದು ದಿನಕ್ಕೊಮ್ಮೆ. ಅಂಥ ಊರಲ್ಲಿ ನನಗೆ ತೊಳೆಯೋ ಕಾಯಿಲೆ. ಚಿಲಕ ಮುಟ್ಟಿದರೆ ಕೈ ತೊಳಿ, ಚಪ್ಪಲಿ ತಗುಲಿದರೆ ಸ್ನಾನ ಮಾಡು. ಕೂದಲಂತೂ ಕಂಡರೇ ಎದೆ ಢವಢವ. ನನ್ನ ಕೈಗೆ ಅಂಟಿದ ಒಂದು ಎಳೆ ದೇವರ ನೈವೇದ್ಯಕ್ಕೆ ಬಿದ್ದು, ಅದರಿಂದ ಗಂಡನಿಗೋ ಮಗುವಿಗೋ ಏನಾದರೂ ಆಗಿಬಿಟ್ಟರೆ? ಇದು ಸುಳ್ಳು ಭಯ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೂ ತೊಳೆಯುತ್ತಿದ್ದೆ. ಪಕ್ಕದ ಮನೆಯಾಕೆ ಬಿಂದಿಗೆ ಹಿಡಿದು ಕ್ಯೂನಲ್ಲಿ ನಿಂತಾಗ ಎಲ್ಲರ ಮುಂದೆ ಅಂದಿದ್ದಳು: “ಊರಿಗೆಲ್ಲ ನೀರಿಲ್ಲ, ಅಕ್ಕನ ಮನೆ ಮೋರೀಲಿ ಮಾತ್ರ ಮಳೆಗಾಲ ಐತೆ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ನೆಂಟರಿಗೆ ಇದು ಮಡಿಯಾಗಿ ಕಾಣುತ್ತಿತ್ತು. ಹಾರನಹಳ್ಳಿಯಿಂದ ಅತ್ತೆ ಬಂದಾಗಲೆಲ್ಲ, ಈಗಿನ ಕಾಲದಲ್ಲಿ ಇಷ್ಟು ಮಡಿ ಮಾಡೋ ಸೊಸೆ ಎಲ್ಲಿ ಸಿಗ್ತಾಳೆ ಅಂತ ಕಂಡಕಂಡವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಜನ ಹೊಗಳೋ ಕಾಯಿಲೆಗೆ ಔಷಧಿ ತಗೊಳ್ಳಬೇಕು ಅಂತ ಯಾರಿಗೆ ಅನ್ನಿಸುತ್ತೆ? ಕೊನೆಗೆ ನನ್ನ ಬೆರಳ ಗೆಣ್ಣು ಬಿರಿದು ರಕ್ತ ಬಂದದ್ದನ್ನು ನೋಡಿ ಯಜಮಾನರೇ ಹಾಸನಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಮಾದಿಹಳ್ಳಿಯ ತವರಿಗೆ ಹೋಗಿದ್ದೆ ಅಂತ ಅತ್ತೆಗೆ ಹೇಳಿದೆವು.

ಇದು ಬರೀ ಮಡಿ ಅಂತ ನಾನು ವಾದ ಮಾಡಿದರೂ, ಡಾಕ್ಟರು ಇದಕ್ಕೆ ಗೀಳು ಅಂತ ಹೆಸರು ಹೇಳಿದರು. ಮಾತ್ರೆ ಬರೆದುಕೊಟ್ಟು, ತಮಗೆ ಹೇಳದೆ ನಿಲ್ಲಿಸಬಾರದು ಅಂದರು. ಜೊತೆಗೊಂದು ಕೆಲಸ ಕೊಟ್ಟರು: ದಿನಾ ಬೆಳಿಗ್ಗೆ ಮಗಳಿಗೆ ಜಡೆ ಹಾಕಬೇಕು, ಆಮೇಲೆ ಕೈ ತೊಳೆಯದೆ ಅದೇ ಕೈಯಲ್ಲಿ ಒಲೆ ಹಚ್ಚಿ ಹಾಲು ಕಾಯಿಸಬೇಕು. ಮೊದಲ ದಿನ ಹಾಲು ಉಕ್ಕಿ ಚೆಲ್ಲಿತು, ನಾನು ಗೋಡೆ ಹಿಡಿದು ನಿಂತಿದ್ದೆ. ಆದರೆ ಭಯ ಅನ್ನೋದು ಏರಿ ಏರಿ ತಾನಾಗೇ ಇಳಿಯುತ್ತೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಯುಗಾದಿ ಹೊತ್ತಿಗೆ ಎರಡು ಜಡೆ ಮಡಚಿ ಕೆಂಪು ಟೇಪು ಕಟ್ಟಿ ಸ್ಕೂಲಿಗೆ ಕಳಿಸುತ್ತಿದ್ದೆ. ಅವಳು ತಲೆ ಅಲ್ಲಾಡಿಸಿ ನೋಡಿ, “ಇನ್ನೂ ಬಿಗಿ ಅಮ್ಮಾ,” ಅನ್ನುತ್ತಿದ್ದಳು.

ಅಷ್ಟಕ್ಕೇ ಇದ್ದಿದ್ದರೆ ಆಗುತ್ತಿತ್ತು. ಆಷಾಢದಲ್ಲಿ ಬೇಲೂರಿಗೆ ಹೋದೆವು. ಕೇಶವನ ಮುಂದೆ ಕೈ ಮುಗಿದು ನಿಂತೆ. ಸ್ವಾಮಿ, ನೀನೇ ವಾಸಿ ಮಾಡಿದೆ, ಇನ್ನು ಮಾತ್ರೆ ಮುಟ್ಟೋದಿಲ್ಲ, ಶ್ರಾವಣ ಪೂರ್ತಿ ಮಡಿಯಲ್ಲಿ ಪೂಜೆ ಮಾಡ್ತೀನಿ ಅಂತ ಹರಕೆ ಹೊತ್ತೆ. ದೇವರು ಕೊಟ್ಟ ಮೇಲೂ ಮಾತ್ರೆ ನುಂಗಿದರೆ ಅವನ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ ಅನ್ನಿಸಿತು. ಮಾತ್ರೆ ಹಾಳೆಯನ್ನು ರವೆ ಡಬ್ಬದ ಹಿಂದೆ ಇಟ್ಟೆ. ಮಾತ್ರೆ ಆಯ್ತಾ ಅಂತ ಯಜಮಾನರು ದಿನಾ ಕೇಳೋರು. ನಾನು ಮಡಿಸೀರೆ ಉಟ್ಟು ನಿಂತು ಹೂಂ ಅನ್ನುತ್ತಿದ್ದೆ.

ಶ್ರಾವಣಕ್ಕೆ ಅತ್ತೆ ಬಂದರು. ವರಮಹಾಲಕ್ಷ್ಮಿ ಹಬ್ಬದ ದಿನ ಪಾಯಸದ ಪಾತ್ರೆಯ ಅಂಚಿನಲ್ಲಿ ಒಂದು ಕೂದಲು ಕಂಡಿತು. ಚೆಲ್ಲಿ ಮತ್ತೆ ಮಾಡಿದೆ. ಎರಡನೆಯದರಲ್ಲಿ ಏನೂ ಕಾಣಲಿಲ್ಲ, ಆದರೆ ಇದ್ದಿದ್ದರೆ? ಅದನ್ನೂ ಚೆಲ್ಲಿದೆ. ಮೂರನೆಯದು ಮುಗಿದು ಪೂಜೆ ಆಗೋ ಹೊತ್ತಿಗೆ ಮಧ್ಯಾಹ್ನ ದಾಟಿತ್ತು, ಮಗು ಹಸಿದು ಅತ್ತು ಸುಮ್ಮನಾಗಿತ್ತು. ದೇವರಿಗೆ ಇಷ್ಟು ಹೆದರೋ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು ಅಂದರು ಅತ್ತೆ. ಹೇಳೋಕೆ ನಾಚಿಕೆ, ನನಗೆ ಆ ಮಾತು ಕೇಳಿ ಹಿತವಾಯಿತು.

ಮಾರನೆಯ ಬೆಳಿಗ್ಗೆ ಮಗಳು ಬಾಚಣಿಗೆ, ಟೇಪು ಹಿಡಿದು ಬಂದಳು. ನಾನು ಹಿಂದೆ ಸರಿದೆ. ಮಡಿಯಲ್ಲಿದ್ದೀನಿ, ಮುಟ್ಟಬೇಡ, ಪಕ್ಕದ ಮನೆ ಆಂಟಿ ಹತ್ತಿರ ಹಾಕಿಸಿಕೋ ಅಂದೆ. ಅವತ್ತಿನಿಂದ ದಿನಾ ಅದೇ. ಎರಡು ದಿನ ಕೇಳಿದಳು, ಮೂರನೆಯ ದಿನ ಕೇಳದೆ ತಾನೇ ಹೋದಳು. ನನ್ನಿಂದ ಎಷ್ಟು ದೂರ ನಿಲ್ಲಬೇಕು ಅನ್ನೋದನ್ನೂ ಕಲಿತಳು.

ಶ್ರಾವಣ ಮುಗಿಯೋಕೆ ಬಂದಾಗ ಒಂದು ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿ ಪಕ್ಕದ ಮನೆಗೆ ಹೋದವಳು ಬಾಗಿಲಲ್ಲಿ ಬಂದು ನಿಂತಳು. ಕೂದಲು ಕಿವಿಯ ಮೇಲಕ್ಕಿತ್ತು. ಹಿಂದೆ ಪಕ್ಕದ ಮನೆಯಾಕೆ, ಮುಖ ಸಣ್ಣ ಮಾಡಿಕೊಂಡು. “ನಾನು ಬ್ಯಾಡ ಅಂದೆ ಕಣಕ್ಕ. ಅಮ್ಮನೇ ಹೇಳವ್ರೆ ಅಂದ್ಲು, ಅದಕ್ಕೆ ಕತ್ತರಿ ಹಾಕ್ದೆ.”

ಮಗಳು ಹೊಸ್ತಿಲು ದಾಟದೆ ಕೇಳಿದಳು: “ಅಮ್ಮಾ, ಇನ್ನು ಕೂದಲು ಉದುರಲ್ಲ. ಈಗ ಮುಟ್ಟಬಹುದಾ?”

ಅವಳನ್ನು ಬಾಚಿ ತಬ್ಬಿಕೊಂಡೆ ಅಂತ ಬರೆಯೋಕೆ ಆಗಿದ್ದರೆ ಚೆನ್ನಾಗಿತ್ತು. ಇರು, ಕೈ ತೊಳೆದು ಬರ್ತೀನಿ ಅಂತ ಬಚ್ಚಲಿಗೆ ಹೋದೆ. ಒಂದು ಸಲ ತೊಳೆದೆ, ಸಾಲದು ಅನ್ನಿಸಿತು, ಮತ್ತೆ ತೊಳೆದೆ. ಹೊರಗೆ ಬಂದಾಗ ಅವಳು ಯೂನಿಫಾರಂನಲ್ಲೇ ಹೊಸ್ತಿಲ ಪಕ್ಕ ಗೋಡೆಗೊರಗಿ ನಿದ್ದೆ ಹೋಗಿದ್ದಳು.

ಸಂಜೆ ಯಜಮಾನರು ಬಂದ ಕೂಡಲೇ ರವೆ ಡಬ್ಬದ ಹಿಂದಿನಿಂದ ಮಾತ್ರೆ ತೆಗೆದು ಅವರ ಮುಂದಿಟ್ಟೆ. ಅವರು ಬೈಯಲಿಲ್ಲ. ಮಗಳ ತಲೆ ಸವರಿ, ಸೋಮವಾರ ಹಾಸನಕ್ಕೆ ಹೋಗೋಣ ಅಂದರು.

ಎಲ್ಲ ಮೊದಲಿನ ಹಾಗೇ ಆಯಿತು, ಇಷ್ಟು ದಿನ ಪಟ್ಟ ಪಾಡೆಲ್ಲ ಹಾಳಾಯಿತು ಅಂತ ಡಾಕ್ಟರ ಮುಂದೆ ಅತ್ತುಬಿಟ್ಟೆ. ಅವರು ಅಳು ನಿಲ್ಲೋವರೆಗೂ ಕಾದರು. “ಮೊದಲ ಸಲ ಬಂದಾಗ ಇದು ಮಡಿ ಅಂತ ನನ್ನ ಜೊತೆ ವಾದ ಮಾಡಿದ್ರಿ. ಈ ಸಲ ಕಾಯಿಲೆ ಅಂತ ನೀವೇ ಬಂದಿದ್ದೀರಿ. ಮೊದಲಿನ ಹಾಗೆ ಹೇಗಾಗುತ್ತೆ? ಇನ್ನೂ ಒಂದೆರಡು ಸಲ ಹೀಗಾಗಬಹುದು. ಆದಾಗ ಮುಚ್ಚಿಡಬೇಡಿ, ಅಷ್ಟೆ.”

ಅತ್ತೆಗೂ ಎಲ್ಲ ಹೇಳಿದೆವು. ಅವರು ಎದ್ದು ಆ ಮಾತ್ರೆ ಹಾಳೆಯನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿ ಪಕ್ಕ ಇಟ್ಟರು. ಊರಿಗೆ ಹೊರಡೋವರೆಗೂ ತೀರ್ಥ ಕೊಟ್ಟ ಮೇಲೆ ನನ್ನ ಅಂಗೈಗೆ ಮಾತ್ರೆ ಹಾಕಿದವರು ಅವರೇ. ಮಡಿಯ ಮಾತು ಮತ್ತೆ ಎತ್ತಲಿಲ್ಲ. ಅದನ್ನು ದೇವರ ದಯೆ ಅಂತಲೇ ಎಣಿಸಿದ್ದೇನೆ.

ಮತ್ತೆ ಶುರು ಮಾಡಿದೆ. ಹಾಕೋಕೆ ಜಡೆ ಇರಲಿಲ್ಲ. ಮೋಟು ಕೂದಲಿಗೆ ಒಂದು ಬೆರಳು ತಾಗಿಸಿ ಹೋಗಿ ಹಾಲಿಡುತ್ತಿದ್ದೆ. ಅವಳು ಕಲ್ಲಿನ ಹಾಗೆ ಅಲ್ಲಾಡದೆ ನಿಲ್ಲುತ್ತಿದ್ದಳು, ಅಮ್ಮನಿಗೆ ಹೆದರಿಕೆ ಆಗದಿರಲಿ ಅಂತ. ಆಮೇಲೂ ಎರಡು ಸಲ ಜಾರಿದೆ, ನೆಂಟರ ಮನೆಯ ಸೂತಕ ಬಂದಾಗ ಒಮ್ಮೆ, ಅವಳಿಗೆ ಮೈತುಂಬ ಗುಳ್ಳೆಯಾಗಿ ಅಮ್ಮ ಎದ್ದಾಗ ಒಮ್ಮೆ. ಎರಡು ಸಲವೂ ಅದೇ ದಿನ ಯಜಮಾನರಿಗೆ ಹೇಳಿದೆ. ಹಾಲು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಕೂದಲು ಭುಜ ದಾಟೋಕೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳು ಕನ್ನಡಿ ಮುಂದೆ ನಿಂತು ತಾನೇ ಜಡೆ ಹಾಕಿಕೊಳ್ಳೋದು ಕಲಿತಿದ್ದಳು. ನಾನು ಅಡುಗೆಮನೆ ಬಾಗಿಲಿಂದ ನೋಡುತ್ತಿದ್ದೆ. ಬಾ, ಹಾಕ್ತೀನಿ ಅನ್ನೋ ಮಾತು ಬಾಯಿಗೆ ಬಂದು ನಿಲ್ಲುತ್ತಿತ್ತು.

ಒಂದು ದಿನ ಅವಳಿಗೆ ಸ್ಕೂಲಿಗೆ ತಡವಾಗಿತ್ತು. ಹಲ್ಲಿನಲ್ಲಿ ಒಂದು ಟೇಪು ಕಚ್ಚಿಕೊಂಡು, ಇನ್ನೊಂದನ್ನು ಹಿಂದೆ ತಿರುಗದೆ ನನ್ನ ಕಡೆ ಚಾಚಿದಳು. ಕಟ್ಟಿದೆ. ಆಮೇಲೆ ಕೈ ತೊಳೆಯಲಿಲ್ಲ. ಬಿಗಿ ಆಯ್ತಾ ಅಂತ ಕೇಳಿದೆ.

ಸಾಕಮ್ಮ ಅಂದಳು, ಬ್ಯಾಗು ಹಾಕಿಕೊಂಡು ಹೋದಳು. ನಾನು ಹಾಲಿಗೆ ಒಲೆ ಹಚ್ಚಿದೆ.