ಚೀಟಿಯಮ್ಮನ ಡಬ್ಬಿಗಳು

ಕೆಳಗಡೆ ನೀರಿನ ಪಂಪು ಗೊರ್ ಎನ್ನುವಷ್ಟರಲ್ಲಿ ಚೀಟಿಯಮ್ಮ ಅಡುಗೆಮನೆಯಲ್ಲಿ ಹಾಜರು. ಅದು ಮನೆಯವರಿಟ್ಟ ಹೆಸರು; ಅವಳು ಚೀಟಿ ಅಂಟಿಸದ ಡಬ್ಬಿಯಾಗಲಿ, ಬುಟ್ಟಿಯಾಗಲಿ ಆ ಮನೆಯಲ್ಲಿಲ್ಲ. ಒಂದು ಕೈ ಬೇಳೆ ಕಲಕುತ್ತಿದ್ದರೆ ಇನ್ನೊಂದು ಮಗಳ ಊಟದ ಡಬ್ಬಿ ಮುಚ್ಚುತ್ತಿರುತ್ತದೆ. ಬಾಯಿ ಮಾತ್ರ "ತಗೊಂಡ ಜಾಗದಲ್ಲೇ ಇಡಿ" ಎಂದು ಜಪಿಸುತ್ತಿರುತ್ತದೆ. ಅಷ್ಟು ಹೇಳುವವಳೇ ವಾರಕ್ಕೆರಡು ಸಲ ಚೀಟಿಗಳನ್ನು ಅದಲುಬದಲು ಮಾಡುತ್ತಾಳೆ. "ನಿನ್ನೆ ಟೀ ಪುಡಿ ಇದ್ದ ಡಬ್ಬೀಲಿ ಇವತ್ತು ಕಡಲೆ! ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸ್ಬಿಡೇ, ನಾಳೆ ನಾನೂ ಬೇರೆ ಯಾರೋ ಆಗಿರ್ತೀನಿ" ಎಂದು ಗಂಡ ಕೆಣಕುತ್ತಾನೆ. ಅವಳು ನಗುತ್ತಾಳೆ, ಕಾರಣ ಹೇಳುವುದಿಲ್ಲ. ಈ ಬೆಳಿಗ್ಗೆ ಮಗಳು ಬೇಗ ಎದ್ದು ಬಂದಳು. ಇತ್ತೀಚೆಗೆ ಮರೆವು ಹೆಚ್ಚಾಗಿರುವ ಅಜ್ಜಿ, ಖಾಲಿಯಿದ್ದ ಸಕ್ಕರೆ ಡಬ್ಬಿಗೆ ಉಪ್ಪು ಸುರಿದು, "ತುಂಬಿಸಿಟ್ಟಿದ್ದೀನಮ್ಮ, ನಿನಗೊಂದು ಕೆಲಸ ಕಮ್ಮಿ ಆಯ್ತು" ಎಂದು ಸೊಸೆಗೆ ಹೇಳಿ ಹೆಮ್ಮೆಯಿಂದ ಹೊರಗೆ ಹೋದರು. ಚೀಟಿಯಮ್ಮ ಉಪ್ಪನ್ನು ಮುಟ್ಟಲಿಲ್ಲ. 'ಸಕ್ಕರೆ' ಎಂಬ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತಳು. "ಅಮ್ಮಾ, ಅಜ್ಜಿ ತಪ್ಪು ಡಬ್ಬಿಗೆ..." "ಶ್! ತಪ್ಪು ಚೀಟೀದು ಕಣೇ. ಅಜ್ಜಿ ಕೇಳಿದ್ರೆ ಮೊದಲಿಂದಲೂ ಅದು ಉಪ್ಪಿನ ಡಬ್ಬೀನೇ ಅಂತ..." ಎನ್ನುತ್ತಲೇ ಅವಳು ಅಂಟಿನ ಬಾಟಲಿ ತರಲು ಹೊರಟೇಬಿಟ್ಟಳು.