ಅರ್ಧ ಮಿಲ್ಲು ಕೇಳಿದವರ ಎದುರು ಅಮ್ಮ ನಿಲ್ಲಿಸಿದ ಮನುಷ್ಯ

ಪದ್ಮಾವತಿ ದೇವಿಯ ಮೇಲೆ, ನಮ್ಮ ಅಮ್ಮನ ಮೇಲೆ, ಸಿಟ್ಟು ಮಾಡಿಕೊಂಡು ಬಸದಿಯಿಂದ ಎದ್ದು ಬಂದವರು ಯಾರಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆ ಎದ್ದು ಬಂದವಳೇ.

ಗುರುವಾಯನಕೆರೆಯ ಹತ್ತಿರ ರಸ್ತೆ ಬದಿಯಲ್ಲಿ ನಮ್ಮದೊಂದು ತೆಂಗಿನೆಣ್ಣೆ ಮಿಲ್ಲು ಇತ್ತು. ಯಜಮಾನರ ಕಿಡ್ನಿ ಕೆಟ್ಟ ಮೇಲೆ ಅದನ್ನು ನಡೆಸುತ್ತಿದ್ದವಳು ನಾನು. ವಾರಕ್ಕೆ ಎರಡು ಸಲ ಅವರನ್ನು ಮೂಡುಬಿದಿರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಬೆಳಗಿನ ಬಸ್ಸು ಶಿರ್ತಾಡಿ ದಾಟುವಷ್ಟರಲ್ಲಿ ಅವರಿಗೆ ಹೊಟ್ಟೆ ತೊಳಸುತ್ತದೆ. ಕಿಟಕಿ ಪಕ್ಕದ ಸೀಟಿಗಾಗಿ ನಾನು ಜಗಳ ಮಾಡದ ದಿನವೇ ಕಡಿಮೆ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ಸಂಜೆ ಆಸ್ಪತ್ರೆಯಿಂದ ಬಂದು ಬಸ್ಸಿಳಿದರೆ ಮಿಲ್ಲಿನ ಗೋಡೆಯ ನಟ್ಟನಡುವೆ ಕೆಂಪು ಬಣ್ಣದ ಗೆರೆ. ರಸ್ತೆ ಅಗಲ ಮಾಡಲು ಅಳತೆಯವರು ಬಂದಿದ್ದರಂತೆ. ಎದುರಿನ ಅರ್ಧ ಸರಕಾರಕ್ಕೆ, ಹಿಂದಿನ ಅರ್ಧ ನಮಗೆ. ಎಣ್ಣೆ ತೆಗೆಯುವ ಮೆಷಿನು ಇದ್ದದ್ದು ಎದುರಿಗೆ. ಹಿಂದೆ ಇದ್ದದ್ದು ಕೊಬ್ಬರಿ ಚೀಲ ಇಡುವ ಕತ್ತಲೆ ಕೋಣೆ, ಅದರ ಬೆನ್ನಿಗೆ ಗುಡ್ಡ. ಸ್ವಲ್ಪ ದಿನದಲ್ಲಿ ನೋಟಿಸೂ ಬಂತು.

ಬಂಟ್ವಾಳದಲ್ಲಿದ್ದ ಭೂಸ್ವಾಧೀನದ ಕಚೇರಿಗೆ ಹೋದೆ. ಬೆಳಿಗ್ಗೆ ಹೋದವಳನ್ನು ಊಟದ ಹೊತ್ತಿನ ತನಕ ಬೆಂಚಿನಲ್ಲಿ ಕೂರಿಸಿದರು. ಆಮೇಲೆ ಅಧಿಕಾರಿ ನನ್ನ ಮುಖವನ್ನೂ ನೋಡದೆ ಹೇಳಿದರು:

“ಹಿಂದೆ ಜಾಗ ಉಂಟಲ್ಲ ಅಮ್ಮಾ, ಮೆಷಿನ್ ಅಲ್ಲಿಗೆ ಸರಿಸಿ. ಒಪ್ಪಿಗೆಗೆ ಸೈನ್ ಹಾಕಿದರೆ ಪರಿಹಾರ ಬೇಗ ಬರ್ತದೆ.”

ಆ ಕೋಣೆಯ ಬಾಗಿಲಲ್ಲಿ ಮೆಷಿನಿನ ಚಕ್ರ ಕೂಡ ಹೋಗುವುದಿಲ್ಲ, ಒಮ್ಮೆ ಬಂದು ನೋಡಿ ಎಂದೆ. ಅಷ್ಟರಲ್ಲಿ ಅವರು ನನ್ನ ಹಿಂದಿನವನನ್ನು ಕರೆದಾಗಿತ್ತು.

ಮನೆಯಲ್ಲಾದರೂ ಬೆಂಬಲ ಇತ್ತೇ? ಯಜಮಾನರ ಅಣ್ಣ, ನಮ್ಮ ಭಾವ, ದಿನಾ ಬಂದು ಸೈನ್ ಹಾಕಿಬಿಡು, ಸರಕಾರದ ಎದುರು ಗೆದ್ದವರು ಯಾರೂ ಇಲ್ಲ ಎಂದು ಕೂರುತ್ತಿದ್ದರು. ಅವರ ಜಾಗದಲ್ಲಿ ಒಂದು ಹುಲ್ಲೂ ಹೋಗುವುದಿರಲಿಲ್ಲ. ನಾನು ಸೈನ್ ಹಾಕಲಿಲ್ಲ. ಧೈರ್ಯದಿಂದಲ್ಲ, ಹಟದಿಂದ.

ಪಕ್ಕದ ಡೀಕಯ್ಯ ಗೌಡರು ಆಗಾಗ ಆ ಕೆಂಪು ಗೆರೆಯ ಎದುರು ನಿಂತು ನೋಡಿಕೊಂಡು ಹೋಗುತ್ತಿದ್ದರು. ಅವರ ತೋಟದ ದಾರಿಯ ವಿಷಯದಲ್ಲಿ ನಮ್ಮ ಮಾವನ ಕಾಲದಿಂದ ಬೆಳ್ತಂಗಡಿ ಕೋರ್ಟಿನಲ್ಲಿ ವ್ಯಾಜ್ಯ ಉಂಟು. ಎರಡು ಮನೆಗೆ ಮಾತಿಲ್ಲ, ಮದುವೆಗೆ ಕರೆಯುವುದಿಲ್ಲ, ಸತ್ತರೆ ಹೋಗುವುದಿಲ್ಲ. ನೋಡಿ ಸಂತೋಷಪಡಲಿ ಎಂದು ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಒಂದು ದಿನ ಯಜಮಾನರು ಡಯಾಲಿಸಿಸ್‌ನಲ್ಲಿ ಮಲಗಿದ್ದಾಗ ಆಸ್ಪತ್ರೆಯಿಂದ ನಡೆದು ಬಸದಿಗೆ ಹೋದೆ. ಅಮ್ಮನ ಎದುರು ಕುಳಿತು ಕೈ ಮುಗಿಯಲಿಲ್ಲ. ಒಂದು ಮೆಷಿನು ನಿಂತರೆ ಇನ್ನೊಂದು ಮೆಷಿನಿನಲ್ಲಿ ಮಲಗಿದವರ ಗತಿ ಏನು ಎಂದು ಕೇಳಿದೆ. ನಿನಗೆ ಕಣ್ಣಿಲ್ಲವೇ ಎಂದೂ ಕೇಳಿದೆ. ಪ್ರಸಾದ ತೆಗೆದುಕೊಳ್ಳದೆ ಎದ್ದು ಬಂದೆ.

ಅದಾದ ಮುಂದಿನ ಸಲ ಡಯಾಲಿಸಿಸ್‌ಗೆ ಹೊರಟು ಅಂಗಳಕ್ಕಿಳಿದಾಗ ಜೆಸಿಬಿ ಬಂದು ಮಿಲ್ಲಿನ ಎದುರು ನಿಂತಿತು. ಪರಿಹಾರದ ಮಾತೇ ಮುಗಿದಿರಲಿಲ್ಲ. ಕಾಂಟ್ರಾಕ್ಟರನ ಜನ ಸಾಮಾನು ಹೊರಗೆ ಹಾಕಿ ಎಂದರು. ಯಜಮಾನರ ಕಾಲು ಬಾತುಕೊಂಡಿತ್ತು, ಉಸಿರು ಎಳೆಯುತ್ತಿತ್ತು. ಬಸ್ಸು ತಿರುವಿನಲ್ಲಿ ಕಾಣಿಸಿತು. ಮಿಲ್ಲೋ, ಗಂಡನೋ? ಭಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಯಜಮಾನರನ್ನು ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ. ತಿರುಗಿ ನೋಡಲಿಲ್ಲ. ಮೂಡುಬಿದಿರೆಯ ತನಕ ಬಾಯಲ್ಲಿ ಒಂದೇ ಮಾತು: ಅಮ್ಮಾ, ನಾನಿಲ್ಲ, ಇನ್ನು ನೀನೇ ನಿಲ್ಲು.

ಸಂಜೆ ಬಸ್ಸಿಳಿಯುವಾಗ ಕಣ್ಣು ಮುಚ್ಚಿಕೊಂಡೇ ಇಳಿದೆ. ಯಜಮಾನರು ನನ್ನ ಕೈ ಒತ್ತಿ, ನೋಡು ಎಂದರು. ಮಿಲ್ಲು ಹಾಗೇ ನಿಂತಿತ್ತು. ಅದರ ಬಾಗಿಲಿಗೆ ಅಡ್ಡ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಡೀಕಯ್ಯ ಗೌಡರು ಕುಳಿತಿದ್ದರು.

ನಾವು ಹೋದ ಕೂಡಲೇ ಅವರು ಬಂದು ಜೆಸಿಬಿಯ ಎದುರು ಕುಳಿತು, ಆರ್ಡರ್ ತೋರಿಸಿ ಎಂದರಂತೆ. ಪರಿಹಾರ ಕೈಗೆ ಕೊಡದೆ ಜಾಗ ಮುಟ್ಟುವ ಅಧಿಕಾರ ಕಲೆಕ್ಟರಿಗೂ ಇಲ್ಲ, ನಿಮಗೆಲ್ಲಿಂದ ಬಂತು ಎಂದು ಫೋನಿನಲ್ಲಿ ವಿಡಿಯೋ ಮಾಡಿದರಂತೆ. ಮಧ್ಯಾಹ್ನಕ್ಕೆ ಗಾಡಿ ತಿರುಗಿ ಹೋಯಿತು.

ನಾನು ಗೌಡರ ಹತ್ತಿರ ಹೋದೆ. ಅವರೇ ಹೇಳಿದರು:

“ನಿಮಗೆ ಬೇಕಾಗಿ ಅಲ್ಲ. ಇವತ್ತು ನಿಮ್ಮ ಗೋಡೆ, ನಾಳೆ ನನ್ನ ತೋಟ. ಅರ್ಧ ಕಟ್ಟಡ ಬೇಕು ಅಂತ ಹೇಳಿದರೆ ಇಡೀ ತೆಗೊಳ್ಳಿ ಅಂತ ಕೇಳುವ ಹಕ್ಕು ನಿಮಗೆ ಉಂಟು. ಪರಿಹಾರದ ಆರ್ಡರ್ ಆಗುವ ಮೊದಲು ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಅಲ್ಲಿ ಯಾರಿಗೂ ಕೇಳುವುದಿಲ್ಲ.”

“ನಿಮಗೆ ಇದೆಲ್ಲ ಹೇಗೆ ಗೊತ್ತು?”

“ನಿಮ್ಮ ಮೇಲೆ ಕೇಸು ನಡೆಸಿ ನಡೆಸಿ.”

ಕುರ್ಚಿ ಎತ್ತಿಕೊಂಡು ಹೋದರು. ನಾನು ಚಾ ಬೇಕೇ ಎಂದು ಕೇಳಲಿಲ್ಲ, ಕೇಳಿದ್ದರೂ ಅವರು ಕುಡಿಯುತ್ತಿರಲಿಲ್ಲ.

ಮಾರನೆಯ ದಿನವೇ ವಕೀಲರಿಂದ ಬರೆಸಿ ಬಂಟ್ವಾಳದಲ್ಲಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಂಡೆ. ವಿಚಾರಣೆಗೆ ಕರೆಯಲೇಬೇಕಾಯಿತು. ಅರ್ಧ ಮಿಲ್ಲು ಮಿಲ್ಲಲ್ಲ ಎಂದು ವಕೀಲರು ವಾದಿಸಿದರು. ಅದೇ ಅಧಿಕಾರಿ ಕೊನೆಗೆ ಸ್ಥಳಕ್ಕೆ ಬಂದು ಹಿಂದಿನ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತು ನೋಡಿದರು. ಹಂಚಿನ ಮಾಡು ಅಷ್ಟು ಕೆಳಗೆ ಇತ್ತು. ಇಡೀ ಕಟ್ಟಡವನ್ನು ಪರಿಹಾರಕ್ಕೆ ಸೇರಿಸಿದರು, ಮೆಷಿನು ಸಾಗಿಸುವ ಖರ್ಚನ್ನೂ ಸೇರಿಸಿದರು. ಹಣ ಬ್ಯಾಂಕಿಗೆ ಬಂದ ಮೇಲೆಯೇ ಬೀಗದ ಕೈ ಕೊಟ್ಟೆ. ಈಗ ಶಿರ್ತಾಡಿಯಲ್ಲಿ ಮಿಲ್ಲು ನಡೆಯುತ್ತಿದೆ, ಮೂಡುಬಿದಿರೆಗೂ ಹತ್ತಿರವಾಯಿತು. ಇಷ್ಟೆಲ್ಲದರ ನಡುವೆ ಯಜಮಾನರ ಒಂದು ಡಯಾಲಿಸಿಸ್ಸೂ ತಪ್ಪಲಿಲ್ಲ. ಇದು ಅಮ್ಮನ ಕೃಪೆಯಲ್ಲದೆ ಇನ್ನೇನು? ನಾನು ಬೈದದ್ದನ್ನೂ ಅವಳು ಪ್ರಾರ್ಥನೆ ಎಂದೇ ಕೇಳಿಸಿಕೊಂಡಳು.

ಡೀಕಯ್ಯ ಗೌಡರ ದಾರಿಯ ಕೇಸು ಹಾಗೇ ಉಂಟು. ನಾವು ಬಿಡುವುದಿಲ್ಲ, ಅವರೂ ಬಿಡುವುದಿಲ್ಲ. ಮೊನ್ನೆ ಶುಕ್ರವಾರ ಅಮ್ಮನಿಗೆ ಪೂಜೆ ಮಾಡಿಸಿದೆ. ಪೂಜೆ ಮಾಡುವ ಇಂದ್ರರ ಹತ್ತಿರ ನಮ್ಮೆಲ್ಲರ ಹೆಸರು ಹೇಳಿ, ಕೊನೆಗೆ ಡೀಕಯ್ಯ ಗೌಡರ ಹೆಸರನ್ನೂ ಹೇಳಿದೆ. ಅವರು ನಿಮಗೆ ಏನಾಗಬೇಕು ಎಂದು ಇಂದ್ರರು ಕೇಳಿದರು.

“ಎದುರು ಪಾರ್ಟಿ,” ಎಂದೆ.